ರೋಲರ್ ಯಂತ್ರದಲ್ಲಿ ಕಪ್ಪು-ಬಿಳುಪು ಪ್ರಿಂಟ್: ನನ್ನ ಅನುಭವ

ಒಂದೇ ಫಿಲ್ಮ್ ನೆಗೆಟಿವ್‌ನಿಂದ 40 ಫೋಟೋ ಪ್ರಿಂಟ್ ಬೇಕಿತ್ತು. ನಲವತ್ತೂ ಒಂದೇ ಥರ ಇರಬೇಕಿತ್ತು. ಎರಡು ರಾತ್ರಿ ರಸಾಯನ ತುಂಬಿದ ಟ್ರೇಗಳ ಮುಂದೆ ನಿಂತು ಮಾಡಿದೆ. ಒಣಗಿದ ಮೇಲೆ ಬೆಳಕಿನಲ್ಲಿ ಸಾಲಾಗಿ ಹರಡಿ ನೋಡಿದರೆ, ಮೊದಲ ಹತ್ತಕ್ಕೂ ಕೊನೆಯ ಹತ್ತಕ್ಕೂ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಡೆವಲಪರ್ (ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣ) ತಣ್ಣಗಾಗುತ್ತಾ ಹೋಗಿತ್ತು, ಅದರ ಶಕ್ತಿಯೂ ಇಳಿದಿತ್ತು. ನಾನೂ ಒಂದು ಹಾಳೆಯನ್ನು 55 ಸೆಕೆಂಡಿಗೆ ಎತ್ತಿದ್ದೆ, ಇನ್ನೊಂದನ್ನು 80ಕ್ಕೆ. ಹಾಳೆಯನ್ನು ದ್ರಾವಣಗಳ ಮೂಲಕ ಒಂದೇ ವೇಗದಲ್ಲಿ ತಾನೇ ಸಾಗಿಸುವ ರೋಲರ್ ಯಂತ್ರದ ಕಡೆ ಮನಸ್ಸು ಹೋಗಿದ್ದು ಆಗ.

ನನಗೆ ಸಿಕ್ಕಿದ್ದು ಮೇಜಿನ ಮೇಲೆ ಕೂರುವ, ಎರಡು ತೊಟ್ಟಿಯ ಹಳೇ ಯಂತ್ರ. ಅದನ್ನು ಕಲರ್ ಪ್ರಿಂಟಿಗೆಂದೇ ಮಾಡಿದ್ದರು. ಆರ್‌ಎ-4 ಎಂಬ ಕಲರ್ ಪ್ರಿಂಟ್ ವಿಧಾನದಲ್ಲಿ 35 ಡಿಗ್ರಿ ಬಿಸಿಯಲ್ಲಿ ಡೆವಲಪರ್ 45 ಸೆಕೆಂಡ್, ಬ್ಲೀಚ್-ಫಿಕ್ಸ್ (ಕಾಗದದ ಬೆಳ್ಳಿಯನ್ನು ತೆಗೆಯುವ ದ್ರಾವಣ) 45 ಸೆಕೆಂಡ್. ಯಂತ್ರದ ವೇಗ ಆ ಲೆಕ್ಕಕ್ಕೇ ಕೂತಿತ್ತು. ಪ್ರತಿ ತೊಟ್ಟಿಯೊಳಗೂ ಒಂದು ರ‍್ಯಾಕ್, ರ‍್ಯಾಕಿನ ತುಂಬಾ ಜೋಡಿ ರೋಲರ್‌ಗಳು. ಕಾಗದ ಅವುಗಳ ನಡುವೆ ಸಿಕ್ಕಿ ಕೆಳಗಿಳಿಯುತ್ತದೆ, ತಳದಲ್ಲಿ ತಿರುಗುತ್ತದೆ, ಮೇಲೆ ಬರುತ್ತದೆ. ಮೇಲಿನ ಜೋಡಿ ಅದರ ಮೈಯ ದ್ರಾವಣವನ್ನು ಹಿಂಡಿ, ಪಕ್ಕದ ತೊಟ್ಟಿಗೆ ದಾಟಿಸುತ್ತದೆ. ಮೊದಲ ತೊಟ್ಟಿಗೆ ಕಪ್ಪು-ಬಿಳುಪಿನ ಡೆವಲಪರ್, ಎರಡನೆಯದಕ್ಕೆ ಫಿಕ್ಸರ್ (ಚಿತ್ರವನ್ನು ಕಾಯಂ ಮಾಡುವ ದ್ರಾವಣ) ಹಾಕಿದರೆ ಆಯಿತು ಎಂದುಕೊಂಡೆ. ಅಷ್ಟು ಸುಲಭ ಆಗಲಿಲ್ಲ.

ಮೊದಲು ತೊಳೆಯುವ ಕೆಲಸ. ಹಳೇ ಕಲರ್ ರಸಾಯನ ಗೇರಿನ ಹಲ್ಲುಗಳಲ್ಲೂ ರೋಲರ್ ತುದಿಗಳಲ್ಲೂ ಗಟ್ಟಿಯಾಗಿ ಕೂತಿತ್ತು. ಬ್ಲೀಚ್-ಫಿಕ್ಸ್ ಸ್ವಲ್ಪ ಉಳಿದರೂ ಡೆವಲಪರ್ ಕೆಡುತ್ತದೆ. ರ‍್ಯಾಕ್‌ಗಳನ್ನು ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದೇ ರೋಲರ್ ಉಜ್ಜಿದೆ. ಎರಡು ರ‍್ಯಾಕಿಗೂ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿದೆ. ಒದ್ದೆ ಕೈಯಲ್ಲಿ, ಮಂದ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಫಿಕ್ಸರ್ ರ‍್ಯಾಕ್ ಡೆವಲಪರ್‌ನೊಳಗೆ ಇಳಿದರೆ ಆ ತೊಟ್ಟಿ ಪೂರ್ತಿ ಚೆಲ್ಲಬೇಕು.

ಆಮೇಲೆ ಉಷ್ಣತೆ ಎಷ್ಟಿರಬೇಕು ಅನ್ನೋ ಪ್ರಶ್ನೆ. ಟ್ರೇಯಲ್ಲಿ ಇಲ್‌ಫೋರ್ಡ್ ಮಲ್ಟಿಗ್ರೇಡ್ ಡೆವಲಪರ್ 1+9 ಬೆರಕೆಯಲ್ಲಿ (ಒಂದು ಪಾಲಿಗೆ ಒಂಬತ್ತು ಪಾಲು ನೀರು), 20 ಡಿಗ್ರಿಯಲ್ಲಿ, ಆರ್‌ಸಿ (ಪ್ಲಾಸ್ಟಿಕ್ ಲೇಪದ) ಕಾಗದಕ್ಕೆ ಒಂದು ನಿಮಿಷ ಕೊಡುತ್ತಿದ್ದೆ. ಯಂತ್ರದಲ್ಲಿ ಸಿಗುವುದು 45 ಸೆಕೆಂಡ್ ಮಾತ್ರ. ವೇಗ ಬದಲಿಸುವಂತಿಲ್ಲ, ಹಾಗಾಗಿ ಬಿಸಿಯನ್ನೇ ಬದಲಿಸಬೇಕು. ಒಂದು ಹಾಳೆಯನ್ನು ಕೋಣೆಯ ದೀಪಕ್ಕೆ ಒಡ್ಡಿ, ತುಂಡು ಮಾಡಿ, ಒಂದನ್ನು ಟ್ರೇಯಲ್ಲಿ ಪೂರ್ತಿ ಎರಡು ನಿಮಿಷ ಡೆವಲಪ್ ಮಾಡಿ ಇಟ್ಟುಕೊಂಡೆ. ಅದೇ ನನ್ನ ಅಳತೆಯ ಕಪ್ಪು. ಉಳಿದ ತುಂಡುಗಳನ್ನು 20, 24, 28, 32 ಡಿಗ್ರಿಯಲ್ಲಿ ಯಂತ್ರಕ್ಕೆ ಕೊಟ್ಟೆ. 20ರಲ್ಲಿ ಬಂದದ್ದು ಕಪ್ಪಲ್ಲ, ಗಾಢ ಬೂದು. 24ರಲ್ಲಿ ಸುಮಾರಾಗಿತ್ತು. 28ರಲ್ಲಿ ಟ್ರೇಯ ತುಂಡಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ಗೊತ್ತಾಗಲಿಲ್ಲ. 32ರಲ್ಲಿ ಕಪ್ಪು ಇನ್ನೂ ಜಾಸ್ತಿ ಆಗಲಿಲ್ಲ.

ಕಪ್ಪನ್ನು ನೋಡಿದರೆ ಮಾತ್ರ ಸಾಲದು, ಬಿಳುಪನ್ನೂ ನೋಡಬೇಕು. ಬೆಳಕೇ ಕಾಣದ ಹಾಳೆಯನ್ನು ಅರ್ಧ ಮಾಡಿ, ಒಂದರ್ಧವನ್ನು ನೇರ ಫಿಕ್ಸರ್‌ಗೆ, ಇನ್ನೊಂದನ್ನು ಯಂತ್ರಕ್ಕೆ ಹಾಕಿದೆ. 28 ಡಿಗ್ರಿಯಲ್ಲಿ ಎರಡೂ ಒಂದೇ ಬಿಳುಪು. 32ರಲ್ಲಿ ಯಂತ್ರದಿಂದ ಬಂದದ್ದು ತುಸು ಮಂಕು. ಅವತ್ತಿನಿಂದ 28ಕ್ಕೇ ನಿಲ್ಲಿಸಿದ್ದೇನೆ. ನಿಮ್ಮ ಯಂತ್ರ, ಕಾಗದ, ಡೆವಲಪರ್ ಬೇರೆ ಇರಬಹುದು, ಆಗ ಅಂಕಿಯೂ ಬೇರೆ ಬರುತ್ತದೆ. ಈ ಪರೀಕ್ಷೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನನ್ನನ್ನು ಹೆಚ್ಚು ಕಾಡಿದ್ದು ಒಂದು ಗೆರೆ. ಪ್ರಿಂಟಿನ ಅಡ್ಡಕ್ಕೆ ತೆಳ್ಳಗೆ, ಕೂದಲಿನಷ್ಟು. ಆಕಾಶ ಇರುವ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತಿತ್ತು. ನೆಗೆಟಿವ್ ಒರೆಸಿದೆ, ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರ) ಲೆನ್ಸ್ ಒರೆಸಿದೆ, ಗೆರೆ ಹೋಗಲಿಲ್ಲ. ಒಂದು ದೊಡ್ಡ ಹಾಳೆಯಲ್ಲಿ ಅಂಥ ಮೂರು ಗೆರೆ ಸಿಕ್ಕಾಗ ಅವುಗಳ ನಡುವಿನ ಅಂತರ ಅಳೆದೆ. ಎರಡು ಕಡೆಯೂ ಸುಮಾರು 78 ಮಿಲಿಮೀಟರ್. ರೋಲರ್ ಸುತ್ತಿಗೊಂದು ಗೆರೆ ಬಿಡುತ್ತಿದ್ದರೆ ಅದು ಅದರ ಸುತ್ತಳತೆ; 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 25 ಮಿಲಿಮೀಟರ್ ಬರುತ್ತದೆ. ಯಂತ್ರದಲ್ಲಿ 25 ಮಿಲಿಮೀಟರ್ ದಪ್ಪದ ರೋಲರ್ ಇದ್ದದ್ದು ಡೆವಲಪರ್‌ನಿಂದ ಫಿಕ್ಸರ್‌ಗೆ ದಾಟಿಸುವ ಜಾಗದಲ್ಲಿ ಮಾತ್ರ. ಬಿಚ್ಚಿ ಬೆರಳಾಡಿಸಿದೆ. ಉದ್ದಕ್ಕೂ ಒಣಗಿದ ಹರಳಿನ ಸಣ್ಣ ಏಣು ಸಿಕ್ಕಿತು. ಬಿಸಿನೀರಿನ ಬಟ್ಟೆಯಿಂದ ಎರಡು ಸಲ ಒರೆಸಿದ ಮೇಲೆ ಗೆರೆ ಮಾಯ. ಈಗ ಯಾವ ಗುರುತು ಮರುಕಳಿಸಿದರೂ ಮೊದಲು ಅಳತೆಪಟ್ಟಿ ತೆಗೆಯುತ್ತೇನೆ.

ಆ ದಾಟುವ ರೋಲರ್‌ಗಳು ದ್ರಾವಣದಲ್ಲಿ ಮುಳುಗಿರುವುದಿಲ್ಲ. ಗಾಳಿಗೆ ತೆರೆದಿರುವುದರಿಂದ ಬೇಗ ಒಣಗುತ್ತವೆ. ಅದಕ್ಕೇ ಪ್ರತಿ ಸಲ ಶುರು ಮಾಡುವಾಗ ಎರಡು ಹಾಳಾದ ಹಾಳೆಗಳನ್ನು ಸುಮ್ನೆ ಓಡಿಸುತ್ತೇನೆ. ರೋಲರ್ ಒದ್ದೆಯಾಗುತ್ತದೆ, ಕೊಳೆ ಆ ಹಾಳೆಗೆ ಅಂಟಿಕೊಂಡು ಹೊರಬರುತ್ತದೆ.

ಟೆಸ್ಟ್ ಸ್ಟ್ರಿಪ್ (ಎಷ್ಟು ಹೊತ್ತು ಬೆಳಕು ಬೇಕೆಂದು ನೋಡಲು ಬಳಸುವ ಕಾಗದದ ತುಂಡು) ವಿಷಯದಲ್ಲಿ ಒಂದು ಅಭ್ಯಾಸ ಬಿಡಬೇಕಾಯಿತು. ಟ್ರೇಯಲ್ಲಿ ಎರಡು ಬೆರಳಗಲದ ತುಂಡು ಸಾಕಿತ್ತು. ಯಂತ್ರದಲ್ಲಿ ಕಾಗದದ ಉದ್ದ ಒಂದು ಜೋಡಿ ರೋಲರ್‌ನಿಂದ ಮುಂದಿನ ಜೋಡಿಗಿರುವ ಅಂತರಕ್ಕಿಂತ ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ನಡುವೆಯೇ ಉಳಿದುಬಿಡುತ್ತದೆ. ನನ್ನದೊಂದು ಚಿಕ್ಕ ತುಂಡು ಹಾಗೇ ಒಳಗೆ ಸಿಕ್ಕಿಕೊಂಡಿತು. ಹಿಂದೆಯೇ ಕಳಿಸಿದ ಪೂರ್ತಿ ಹಾಳೆ ಅದಕ್ಕೆ ತಾಗಿ ಮಡಚಿ ಕೂತಿತು. ರ‍್ಯಾಕ್ ಎತ್ತಿ ಬಿಡಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. ಈಗ ಹಾಳೆಯನ್ನು ಉದ್ದಕ್ಕೆ ಸೀಳಿ, ಪೂರ್ತಿ ಉದ್ದದ ಪಟ್ಟಿಯನ್ನೇ ಕೊಡುತ್ತೇನೆ. ಮೊದಲು ಒಳಹೋಗುವ ಅಂಚು ಸುರುಳಿಯಾಗಿದ್ದರೆ ಕೈಯಿಂದ ನೇರ ಮಾಡಿಕೊಳ್ಳುತ್ತೇನೆ.

ಡೆವಲಪರ್ ಬೇಗ ಕಂದು ಬಣ್ಣಕ್ಕೆ ತಿರುಗುವುದಕ್ಕೂ ಕಾರಣ ಹುಡುಕಬೇಕಾಯಿತು. ತೊಟ್ಟಿ ಕಿರಿದು, ಗಾಳಿ ಕಮ್ಮಿ ತಾಗುತ್ತದೆ, ಜಾಸ್ತಿ ದಿನ ಬಾಳಬೇಕು ಅಲ್ವಾ? ಆದರೆ ಮೇಲಿನ ರೋಲರ್‌ಗಳು ಸುತ್ತುತ್ತಲೇ ಇದ್ದರೆ, ಪ್ರತಿ ಸುತ್ತಿಗೂ ತೆಳ್ಳನೆಯ ಪದರವಾಗಿ ಡೆವಲಪರ್ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಜೊತೆಗೆ ಬಿಸಿಯೂ ಇದೆ. ಈಗ ಎನ್‌ಲಾರ್ಜರ್ ಹತ್ತಿರ ಕೆಲಸ ಮಾಡುವಾಗ ಮೋಟಾರ್ ನಿಲ್ಲಿಸಿರುತ್ತೇನೆ. ಹಾಳೆ ಸಿದ್ಧವಾದಾಗ ಮಾತ್ರ ಓಡಿಸುತ್ತೇನೆ. ಪ್ರತಿ ಹಾಳೆಯೂ ಸ್ವಲ್ಪ ದ್ರಾವಣ ಹೊತ್ತೊಯ್ಯುವುದರಿಂದ ಮಟ್ಟ ಇಳಿಯುತ್ತದೆ, ಅಷ್ಟು ಹೊಸದನ್ನು ಸೇರಿಸುತ್ತೇನೆ.

ನನ್ನ ಯಂತ್ರದಲ್ಲಿ ಸ್ಟಾಪ್ ಬಾತ್‌ಗೆ (ಡೆವಲಪರ್ ಕೆಲಸ ನಿಲ್ಲಿಸುವ ಆಮ್ಲೀಯ ದ್ರಾವಣಕ್ಕೆ) ಜಾಗವಿಲ್ಲ. ಹಿಂಡಿದರೂ ಉಳಿಯುವ ಡೆವಲಪರ್ ನೇರ ಫಿಕ್ಸರ್‌ಗೆ ಸೇರುತ್ತದೆ, ಅದರ ಆಮ್ಲಗುಣ ಕುಗ್ಗುತ್ತದೆ. ಆಮ್ಲೀಯ ರ‍್ಯಾಪಿಡ್ ಫಿಕ್ಸರ್ 1+4 ಬಳಸುತ್ತೇನೆ. ಅದು ಲೀಟರಿಗೆ 8×10 ಇಂಚಿನ 80 ಆರ್‌ಸಿ ಹಾಳೆಗೆ ಸಾಕು ಎನ್ನುತ್ತದೆ ಇಲ್‌ಫೋರ್ಡ್. ನಾನು 50ಕ್ಕೇ ಬದಲಿಸುತ್ತೇನೆ. ತುಂಬುವಾಗ ಮೊದಲು ಫಿಕ್ಸರ್, ಆಮೇಲೆ ಡೆವಲಪರ್. ಸಿಡಿದರೆ ಖಾಲಿ ತೊಟ್ಟಿ ಒರೆಸಿಕೊಳ್ಳಬಹುದು. ಎತ್ತುವಾಗ ಮೊದಲು ಡೆವಲಪರ್ ರ‍್ಯಾಕ್.

ಇಷ್ಟೆಲ್ಲ ಸರಿಹೋದ ಮೇಲೆ ನನ್ನ ಪ್ರಿಂಟಿಂಗ್ ರೀತಿಯೇ ಬದಲಾಯಿತು. ಟ್ರೇಯಲ್ಲಿ ಚಿತ್ರ ಮೂಡುವುದನ್ನು ನೋಡುವ ಖುಷಿ ದೊಡ್ಡದು. ಅದು ಹೋಯಿತು, ಈಗಲೂ ಅದರ ಬೇಜಾರಿದೆ. ಆದರೆ ನೋಡುತ್ತಾ ನಿಂತಾಗ ಕೈ ಸುಮ್ಮನಿರುತ್ತಿರಲಿಲ್ಲ. ಕಪ್ಪಾಗುತ್ತಿದೆ ಅನಿಸಿದರೆ ಬೇಗ ಎತ್ತುತ್ತಿದ್ದೆ, ತೆಳುವಾದರೆ ಬೆಚ್ಚಗಿನ ಬೆರಳಿನಿಂದ ಉಜ್ಜುತ್ತಿದ್ದೆ. ಎಕ್ಸ್‌ಪೋಷರ್ (ಕಾಗದಕ್ಕೆ ಕೊಡುವ ಬೆಳಕು) ತಪ್ಪಿದ್ದನ್ನು ಡೆವಲಪರ್‌ನಲ್ಲಿ ಮುಚ್ಚುತ್ತಿದ್ದೆ. ಯಂತ್ರಕ್ಕೆ ಅದೆಲ್ಲ ಗೊತ್ತಿಲ್ಲ, ಅದು 45 ಸೆಕೆಂಡ್ ಮಾತ್ರ ಕೊಡುತ್ತದೆ. ಪ್ರಿಂಟ್ ಮಂಕಾಗಿ ಬಂದರೆ ತಪ್ಪು ಎನ್‌ಲಾರ್ಜರ್ ಕೆಳಗೇ ಆಗಿದೆ. ಅಲ್ಲಿಂದ ಟೆಸ್ಟ್ ಪಟ್ಟಿಗಳನ್ನು 8, 11, 16, 22 ಸೆಕೆಂಡ್ ಎಂದು ಅರ್ಧ ಸ್ಟಾಪ್ ಅಂತರದಲ್ಲಿ (ಎರಡು ಹೆಜ್ಜೆಗೆ ಬೆಳಕು ಇಮ್ಮಡಿ) ಮಾಡತೊಡಗಿದೆ. ಡಾಡ್ಜ್ (ಒಂದು ಭಾಗಕ್ಕೆ ಬೆಳಕು ಕಮ್ಮಿ ಮಾಡುವುದು), ಬರ್ನ್ (ಒಂದು ಭಾಗಕ್ಕೆ ಜಾಸ್ತಿ ಕೊಡುವುದು), ಫಿಲ್ಟರ್ ಗ್ರೇಡ್ (ಕಪ್ಪು-ಬಿಳುಪಿನ ಅಂತರದ ಮಟ್ಟ) ಎಲ್ಲವನ್ನೂ ಬರೆದಿಡತೊಡಗಿದೆ. ಆ ಟಿಪ್ಪಣಿ ನೋಡಿ ಆರು ತಿಂಗಳ ನಂತರ ಅದೇ ನೆಗೆಟಿವ್ ಮತ್ತೆ ಪ್ರಿಂಟ್ ಮಾಡಿದಾಗ, ಮೊದಲ ಹಾಳೆಯೇ ಹಳೆಯದಕ್ಕೆ ಹೊಂದಿತು. ಕೈ ಒಣಗಿರುವುದೂ ದೊಡ್ಡ ಅನುಕೂಲ. ನೆಗೆಟಿವ್ ಮೇಲೆ ಬೆರಳಚ್ಚು ಬೀಳುವುದೇ ನಿಂತಿದೆ.

ಫೈಬರ್ ಕಾಗದವನ್ನು (ಪ್ಲಾಸ್ಟಿಕ್ ಲೇಪವಿಲ್ಲದ್ದನ್ನು) ಮಾತ್ರ ಇದಕ್ಕೆ ಕೊಡುವುದಿಲ್ಲ. ಒದ್ದೆಯಾದರೆ ಅದು ಮೆತ್ತಗಾಗುತ್ತದೆ, ರೋಲರ್‌ನ ಗುರುತು ಬೀಳುತ್ತದೆ. ಅದಕ್ಕೆ ಬೇಕಾದ ಸಮಯವೂ ಇಲ್ಲಿ ಸಿಗದು. ಆ ದಿನ ಟ್ರೇಗಳೇ ಹೊರಬರುತ್ತವೆ.

ಯಂತ್ರದಿಂದ ಬಂದ ಆರ್‌ಸಿ ಪ್ರಿಂಟನ್ನು ಹರಿಯುವ ನೀರಿನಲ್ಲಿ ಎರಡು ನಿಮಿಷ ತೊಳೆದು ನೇತುಹಾಕುತ್ತೇನೆ. ತುಂಬಾ ಹೊತ್ತು ನೀರಲ್ಲಿ ಬಿಟ್ಟರೆ ಅಂಚಿನಿಂದ ನೀರು ನುಗ್ಗಿ ಪದರ ಏಳುತ್ತದೆ. ಅದಕ್ಕೇ ನಾಲ್ಕೈದು ಹಾಳೆಗೊಮ್ಮೆ ಯಂತ್ರ ನಿಲ್ಲಿಸಿ, ತೊಳೆದು ಮುಗಿಸಿ, ಮತ್ತೆ ಎನ್‌ಲಾರ್ಜರ್ ಹತ್ತಿರ ಹೋಗುತ್ತೇನೆ.