ಬಾತ್ಮೀದಾರರ ಹೆಸರು ಅಳಿಸುವುದು ಹೇಗೆ?

ಕಪ್ಪು ಪಟ್ಟಿ ಎಳೆದ ಪಿಡಿಎಫ್ ಕಂಡರೆ ನನ್ನ ಕೈ ಸುಮ್ನಿರುವುದಿಲ್ಲ. ಪಟ್ಟಿಯ ಮೇಲೆ ಮೌಸ್ ಎಳೆದು, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕುತ್ತೇನೆ. ಎಷ್ಟೋ ಸಲ ಮುಚ್ಚಿಟ್ಟ ಹೆಸರು ಹಾಗೇ ಬಂದು ಕೂರುತ್ತದೆ.

ಗುಟ್ಟಾಗಿ ಸುಳಿವು ಕೊಟ್ಟವರ ಗುರುತನ್ನು ಕೊಡಬೇಕಿಲ್ಲ ಎನ್ನುತ್ತದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ). ಅಷ್ಟನ್ನು ತೆಗೆದು ಉಳಿದದ್ದು ಕೊಡಿ ಎನ್ನುತ್ತದೆ 10ನೇ ಸೆಕ್ಷನ್. ತೆಗೆಯುವ ಬಗೆ ಅಲ್ಲಿಲ್ಲ. ಅರ್ಜಿ ಬಂದಾಗ ಕಡತ ಕೊಡುವ ಅಧಿಕಾರಿಗಳಿಗಾಗಿ ಅದನ್ನು ಇಲ್ಲಿ ಹೇಳುತ್ತೇನೆ.

1. ಮೂಲ ಕಡತ ಮುಟ್ಟಬೇಡಿ. ಜೆರಾಕ್ಸ್ ಮಾಡಿಸಿಕೊಳ್ಳಿ.

2. ಅಳಿಸಬೇಕಾದ್ದಕ್ಕೆ ಪೆನ್ಸಿಲ್ ಗುರುತು ಹಾಕಿ. ಹೆಸರೊಂದೇ ಅಲ್ಲ. ‘ಗೋದಾಮಿನ ರಾತ್ರಿ ಕಾವಲುಗಾರ ತಿಳಿಸಿದಂತೆ’ ಅಂತ ಉಳಿಸಿದರೆ ಆ ಊರಿನವರಿಗೆ ಅಷ್ಟೇ ಸಾಕು.

3. ಎಲ್ಲರೂ ಎಡವುವುದು ಇಲ್ಲೇ. ಪಿಡಿಎಫ್ ಮೇಲೆ ಕಪ್ಪು ಡಬ್ಬಿ ಇಟ್ಟರೆ ಅಕ್ಷರ ಅದರ ಕೆಳಗೆ ಜೀವಂತವಾಗಿಯೇ ಇರುತ್ತದೆ. 1953ರ ಇರಾನ್ ಕ್ಷಿಪ್ರಕ್ರಾಂತಿಯ ಬಗ್ಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬರೆದಿಟ್ಟ ಇತಿಹಾಸವನ್ನು 2000ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಹೆಸರುಗಳನ್ನು ಹೀಗೇ ಮುಚ್ಚಿ, ತನ್ನ ವೆಬ್‌ಸೈಟ್‌ನಲ್ಲಿ ಪ್ರಕಟಿಸಿತ್ತು. ನಿಧಾನದ ಕಂಪ್ಯೂಟರ್‌ನಲ್ಲಿ ಪುಟ ಮೊದಲು ಬಂತು, ಕಪ್ಪು ಬಣ್ಣ ಆಮೇಲೆ. ಅಮೆರಿಕಕ್ಕೆ ನೆರವಾದ ಇರಾನಿಗರ ಹೆಸರುಗಳು ಬಯಲಾದವು.

ಮಾರ್ಕರ್ ಪೆನ್ನಂತೂ ಬೇಡವೇ ಬೇಡ. ಹಾಳೆಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತದೆ. ಮೊಬೈಲ್‌ನಲ್ಲಿ ಮಸುಕು ಮಾಡುವ ಆ್ಯಪ್‌ಗಳೂ ಅಷ್ಟಕ್ಕಷ್ಟೇ. ಪುಕ್ಕಟೆ ವೆಬ್‌ಸೈಟ್‌ಗೆ ಕಡತ ಏರಿಸುವವರಿಗೆ ಏನು ಹೇಳಲಿ? ಗುಟ್ಟನ್ನು ಮೊದಲು ಆ ವೆಬ್‌ಸೈಟ್‌ನವರ ಕೈಗೇ ಕೊಟ್ಟಂತಾಯಿತಲ್ವಾ?

ಸರಿಯಾಗಿ ಮುಚ್ಚಿದರೂ ಪಟ್ಟಿಯ ಅಗಲ ಮಾತಾಡುತ್ತದೆ. ಬಿನ್ ಲಾಡೆನ್ ಬಗ್ಗೆ 2001ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್‌ಗೆ ಕೊಟ್ಟ ಟಿಪ್ಪಣಿ 2004ರಲ್ಲಿ ಹೊರಬಂತು. ಸುಳಿವು ಕೊಟ್ಟದ್ದು ಯಾವ ದೇಶದ ಗುಪ್ತಚರ ಸಂಸ್ಥೆ ಎಂಬುದಕ್ಕೆ ಕಪ್ಪು ಬಳಿದಿತ್ತು. ಡೇವಿಡ್ ನಕಾಶ್, ಕ್ಲೇರ್ ವೀಲನ್ ಎಂಬ ಸಂಶೋಧಕರು ಫಾಂಟ್ ಗುರುತಿಸಿ, ಆ ಜಾಗದಲ್ಲಿ ಹಿಡಿಸುವ ಪದಗಳನ್ನು ಕಂಪ್ಯೂಟರ್‌ನಿಂದ ಸೋಸಿದರು. ಹಿಂದೆ ಇಂಗ್ಲಿಷಿನ ‘ಆನ್’ (an) ಇದ್ದದ್ದರಿಂದ ಪದ ಸ್ವರದಿಂದಲೇ ಶುರುವಾಗಬೇಕಿತ್ತು. ಅವರಿಗೆ ಸಿಕ್ಕ ಉತ್ತರ: ಈಜಿಪ್ಟ್.

ಹಾಗಾಗಿ ನನ್ನ ಪದ್ಧತಿ ಒಂದೇ. ಕಡತ ಕಂಪ್ಯೂಟರ್‌ನಲ್ಲಿದ್ದರೆ ಅದರ ನಕಲಿನಲ್ಲಿ ಹೆಸರು ಡಿಲೀಟ್ ಮಾಡಿ, ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ‘ತೆಗೆಯಲಾಗಿದೆ’ ಎಂದು ಟೈಪ್ ಮಾಡಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ. ಆ ಸ್ಕ್ಯಾನನ್ನೇ ಕೊಡಿ. ಬರೀ ಹಾಳೆಯಾಗಿದ್ದರೆ ಇಡೀ ಸಾಲಿಗೆ ಬಿಳಿ ಕಾಗದ ಅಂಟಿಸಿ ಮತ್ತೆ ಜೆರಾಕ್ಸ್.

4. ಇದೇ ಕಡತ ಹಿಂದೆ ಯಾರಿಗಾದರೂ ಕೊಟ್ಟಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಮುಚ್ಚಿದರೆ, ಗುಟ್ಟು ಎಲ್ಲಿದೆ ಅಂತ ನೀವೇ ಬೆರಳಿಟ್ಟು ತೋರಿಸಿದಂತೆ.

5. ಯಾವ ಕಾರಣಕ್ಕೆ ತೆಗೆದಿರಿ ಎಂದು ಅರ್ಜಿದಾರರಿಗೆ ಬರೆದು ತಿಳಿಸಿ. ಪೆನ್ಸಿಲ್ ಗುರುತಿನ ಪ್ರತಿಯನ್ನು ಚೂರು ಮಾಡಿ. ರದ್ದಿಗೆ ಹಾಕಿದರೆ ಕಡಲೆಕಾಯಿ ಪೊಟ್ಟಣವಾಗಿ ಊರು ಸುತ್ತೀತು.