ಗುಳಿಗೆ ಎಣಿಸಿದ ಹಾಗೆ ಬಿಪಿಯನ್ನೂ ಬರೆದಿಡಿ: ಹುಟ್ಟಿನಿಂದ ಎಚ್‌ಐವಿ ಇರುವ ತಮ್ಮ-ತಂಗಿಯರಿಗೆ

ನಾನು ಹೊಲಿಗೆ ಕೆಲಸಕ್ಕೆ ಹೋಗುವಲ್ಲಿಗೆ ಕಳೆದ ವರ್ಷ ಆರೋಗ್ಯ ತಪಾಸಣೆಗೆ ಬಂದಿದ್ದರು. ಎಲ್ಲರ ಜೊತೆ ನಾನೂ ತೋಳು ಚಾಚಿದೆ. 148/94. ನರ್ಸ್ ಐದು ನಿಮಿಷ ಕೂರಿಸಿ ಮತ್ತೆ ನೋಡಿದರು, 146/92. ‘ಇಪ್ಪತ್ತಾರಕ್ಕ ಬಿಪಿ ಏನವಾ?’ ಅಂದರು. ನನಗೆ ಹುಟ್ಟಿನಿಂದಲೇ ಎಚ್‌ಐವಿ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಎಂಟನೇ ವಯಸ್ಸಿನಿಂದ, ಎಚ್‌ಐವಿ ಹತ್ತಿಕ್ಕುವ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಗುಳಿಗೆ ಎಣಿಸಿದ್ದಾರೆ, ತೂಕ ನೋಡಿದ್ದಾರೆ, ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಬರೆದಿದ್ದಾರೆ. ಬಿಪಿ ನೋಡಿದ ನೆನಪಿಲ್ಲ, ನಾನೂ ಕೇಳಿದವಳಲ್ಲ. ನೀವು ಕೇಳಿ.

ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದಿದ್ದರೂ ಮೈಯೊಳಗೆ ಸಣ್ಣಗೆ ಉರಿಯೂತ ಉಳಿದಿರುತ್ತದೆ. ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ಅಲ್ಲಿ ಕೊಬ್ಬು ಬೇಗ ಕೂರುತ್ತದೆ, ಹೃದಯಕ್ಕೆ ತೊಂದರೆ ಬರಬಹುದು. ದೊಡ್ಡವರಾದ ಮೇಲೆ ಸೋಂಕು ತಗುಲಿದವರಿಗೆ ಇದು ಆಗ ಶುರುವಾದರೆ, ನಮಗೆ ತೊಟ್ಟಿಲಲ್ಲೇ ಶುರುವಾಗಿದೆ. ನಮ್ಮ ದೇಶದಲ್ಲಿ ಉಚಿತ ಎಆರ್‌ಟಿ ಬಂದದ್ದು 2004ರಲ್ಲಿ, ಮಕ್ಕಳಿಗೆಂದೇ ಕಾರ್ಯಕ್ರಮ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲಿನ ವರ್ಷಗಳನ್ನು ನನ್ನಂಥವರು ಔಷಧಿ ಇಲ್ಲದೇ ಕಳೆದಿದ್ದೇವೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಔಷಧಿಯ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆಯುವುದು. ಯಾವ ವರ್ಷದಿಂದ ಯಾವ ಗುಳಿಗೆ, ಯಾವಾಗ ಬದಲಾಯಿತು ಎಲ್ಲವೂ ಇರಲಿ. ನನ್ನದು 2007ರಲ್ಲಿ ಸ್ಟಾವುಡಿನ್ ಇದ್ದ ಗುಳಿಗೆಯಿಂದ ಶುರು. ಅಜ್ಜಿ ಬೆಳಿಗ್ಗೆ, ಸಂಜೆ ನೀರಲ್ಲಿ ಕರಗಿಸಿ ಕುಡಿಸುತ್ತಿದ್ದಳು. ಆಮೇಲೆ ಜಿಡೋವುಡಿನ್, 2021ರಿಂದ ಡೊಲುಟೆಗ್ರಾವಿರ್ ಇರುವ ಒಂದೇ ಗುಳಿಗೆ. ಸ್ಟಾವುಡಿನ್ ಕೆನ್ನೆ, ಕೈಕಾಲಿನ ಕೊಬ್ಬನ್ನು ಕರಗಿಸುತ್ತಿತ್ತು. ಮೊದಲ ಗುಳಿಗೆ ನಾಟದಿದ್ದಾಗ ಕೊಡುವ ಎರಡನೇ ಹಂತದ ಲೋಪಿನಾವಿರ್-ರಿಟೊನಾವಿರ್ ರಕ್ತದ ಕೊಬ್ಬನ್ನು ಏರಿಸುತ್ತದೆ. ಹೃದಯದ ವೈದ್ಯರಿಗೆ ಈ ಹಾಳೆ ಬಹಳ ಮುಖ್ಯ.

ತೂಕದ ಯಂತ್ರವೊಂದನ್ನೇ ನಂಬಬೇಡಿ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಬಂದಿದ್ದರೂ ತೂಕ ಸರಿಯಾಗಿಯೇ ತೋರಿಸುತ್ತದೆ. ನನ್ನ ಕೊರಳಲ್ಲಿ ಸದಾ ಟೇಪ್ ಇರುತ್ತದೆ, ಅದರಲ್ಲೇ ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ನೋಡಿಕೊಳ್ಳುತ್ತೇನೆ. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರಾಗಬೇಕು.

ಬಿಪಿ ನೋಡಿಸಲು ಹೋಗುವ ಮುಂಚಿನ ಅರ್ಧ ಗಂಟೆ ಚಹಾ, ತಂಬಾಕು ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆನಿಕೆ ಕೊಟ್ಟು, ಕಾಲು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಕುಪ್ಪಸದ ತೋಳಿನ ಮೇಲೆ ಸುತ್ತಲು ಬಿಡಬೇಡಿ, ಬರಿ ತೋಳಿಗೇ ಸುತ್ತಲಿ. ಎರಡು ಸಲ ನೋಡಿಸಿ, ತಾರೀಖು ಸಮೇತ ಬರೆದಿಡಿ. ‘ನನ್ನ ಕಾಯಿಲೆ ಯಾರಿಗಾದರೂ ಗೊತ್ತಾದರೆ’ ಎಂಬ ಹೆದರಿಕೆಗೇ ಬಿಪಿ ಏರುತ್ತದೆ, ನನಗೂ ಆಗಿದೆ. ಅದಕ್ಕೇ ಒಂದು ದಿನದ ಅಂಕಿಗೆ ಕಂಗೆಡಬೇಡಿ. ಬೇರೆ ಬೇರೆ ದಿನ ನೋಡಿದರೂ 140/90ಕ್ಕಿಂತ ಕೆಳಗೆ ಬರದಿದ್ದರೆ ವೈದ್ಯರನ್ನು ಕಾಣಲೇಬೇಕು.

ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯೂ ಆಗಲಿ. ಸರ್ಕಾರದ ಬಿಪಿ-ಶುಗರ್ ತಪಾಸಣೆ 30 ದಾಟಿದವರಿಗೆಂದು ಇರುವುದರಿಂದ ‘ನಿನಗಿನ್ನೂ ವಯಸ್ಸಾಗಿಲ್ಲ’ ಎನ್ನಬಹುದು. ಆಗ ಎಆರ್‌ಟಿ ಕೇಂದ್ರದ ವೈದ್ಯರಿಂದಲೇ ಚೀಟಿ ಬರೆಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಅಲ್ಲಿನ ವೈದ್ಯರಿಗೆ ನಿಮ್ಮ ಎಆರ್‌ಟಿ ಗುಳಿಗೆಯ ಹೆಸರು ಹೇಳಲೇಬೇಕು. ರಿಟೊನಾವಿರ್ ತೆಗೆದುಕೊಳ್ಳುವವರಿಗೆ ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಕೊಡುವಂತಿಲ್ಲ. ಡೊಲುಟೆಗ್ರಾವಿರ್ ಇದ್ದರೆ ಸಕ್ಕರೆಯ ಮೆಟ್‌ಫಾರ್ಮಿನ್ ಪ್ರಮಾಣಕ್ಕೆ ಮಿತಿ ಇದೆ. ಎದೆ ಉರಿಯೆಂದು ಆ್ಯಂಟಾಸಿಡ್ ಕುಡಿಯುವುದಿದ್ದರೆ, ಡೊಲುಟೆಗ್ರಾವಿರ್ ನುಂಗಿ ಎರಡು ಗಂಟೆ ಕಳೆದ ಮೇಲೆ ಕುಡಿಯಿರಿ. ಹೇಳಲು ಅಂಜಬೇಡಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಗುಟ್ಟು ಕಾಯುವುದು ಅವರ ಹೊಣೆ.

ಕೊಲೆಸ್ಟ್ರಾಲ್ ಗುಳಿಗೆಯನ್ನು ತಾವಾಗಿಯೇ ಕೊಂಡು ನುಂಗುವವರೂ ಇದ್ದಾರೆ, ಬೇಡ. 2023ರಲ್ಲಿ ಹೊರಬಂದ ರಿಪ್ರೀವ್ ಅಧ್ಯಯನದಲ್ಲಿ ಪಿಟಾವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಗುಳಿಗೆ ತೆಗೆದುಕೊಂಡ ಎಚ್‌ಐವಿ ಇರುವವರಿಗೆ ಹೃದಯಾಘಾತದಂಥ ತೊಂದರೆ ಸುಮಾರು 35% ಕಡಿಮೆಯಾಯಿತು. ಆದರೆ ಅದರಲ್ಲಿದ್ದವರೆಲ್ಲ 40ರಿಂದ 75 ವರ್ಷದವರು. ನಮ್ಮ ವಯಸ್ಸಿನವರಿಗೆ ವೈದ್ಯರೇ ನೋಡಿ ತೀರ್ಮಾನಿಸಬೇಕು. ಬಸಿರಾಗುವ ಯೋಚನೆ ಇದ್ದರೆ ಅದನ್ನೂ ಅವರಿಗೆ ಹೇಳಿ.

ಎಆರ್‌ಟಿ ಮಾತ್ರ ಬಿಡಲೇಬೇಡಿ. ಬಿಟ್ಟು ಬಿಟ್ಟು ತೆಗೆದುಕೊಂಡವರಿಗೆ ಹೃದಯದ ತೊಂದರೆಯೂ ಹೆಚ್ಚಿತ್ತೆಂದು 2006ರ ಸ್ಮಾರ್ಟ್ ಅಧ್ಯಯನವೇ ತೋರಿಸಿದೆ. ಹದಿನೇಳರಲ್ಲಿ ನಾನು ಬೇಸತ್ತು ಮೂರು ತಿಂಗಳು ಬಿಟ್ಟಿದ್ದೆ, ಇವತ್ತಿಗೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಊಟದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಇರಲಿ, ನಮ್ಮ ಅಡುಗೆ ಚೆನ್ನಾಗಿಯೇ ಇದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಕಡಿಮೆ ಮಾಡಿ. ದಿನಕ್ಕೆ ಒಬ್ಬರಿಗೆ ಉಪ್ಪು ಒಂದು ಚಹಾ ಚಮಚ ದಾಟದಿರಲಿ. ಬೀಡಿ, ಗುಟ್ಕಾ, ಹೆಂಗಸರ ಕಡ್ಡಿಪುಡಿ ಪೂರ್ತಿ ಬಿಡಬೇಕು.

ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಇಳಿದರೆ, ತಣ್ಣಗೆ ಬೆವತರೆ 108ಕ್ಕೆ ಕರೆ ಮಾಡಿ. ‘ಗ್ಯಾಸು, ಸಣ್ಣ ವಯಸ್ಸು’ ಎಂದು ವಾಪಸ್ ಕಳಿಸಲು ನೋಡಿದರೆ ಇಸಿಜಿ ಮಾಡಿಸಿ ಎಂದು ಕೇಳಿ. ಮೆಟ್ಟಿಲು ಹತ್ತುವಾಗ ಹೊಸದಾಗಿ ದಮ್ಮು ಕಟ್ಟುವುದು, ಪಾದ ಬಾಯುವುದು ಕಂಡರೆ ಅದೇ ವಾರ ತೋರಿಸಿ.

ನನ್ನ ಜೊತೆ ಗುಳಿಗೆ ಒಯ್ಯುವ ಹುಡುಗನೊಬ್ಬ ಮೊನ್ನೆ ಕೇಳಿದ, ‘ಅಕ್ಕಾ, ನನಗಿನ್ನ ಇಪ್ಪತ್ತೆರಡು, ಈಗ್ಲೇ ಯಾಕ?’ ‘ಸೋಮವಾರ ಚಹಾ ಕುಡೀದ ಬಾ, ಇಬ್ರೂ ನೋಡಸೂಣು’ ಅಂದೆ. ಬಂದ. ಅವನದು 118/76, ನನ್ನದು ಬಿಪಿ ಗುಳಿಗೆ ಶುರುವಾದ ಮೇಲೆ 128/82. ಎಆರ್‌ಟಿ ಕೇಂದ್ರ ಕೊಟ್ಟ ಇಬ್ಬರ ಹಸಿರು ಪುಸ್ತಕದ ಕೊನೆಯ ಪುಟದಲ್ಲೂ ಬರೆದಿಟ್ಟಿದ್ದೇವೆ.