ಮನೆಗೂ ಕಳಿಸಿ, ನಿಮಗೂ ಉಳಿಸಿ

ಸಂಬಳ ಬಂದ ಎರಡು ಮೂರು ದಿನಕ್ಕೆ ಊರಿಂದ ಫೋನ್ ಬರುತ್ತಿತ್ತು. ಊಟ ಆಯ್ತಾ, ಮಳೆ ಬಂತಾ, ಹಸು ಕರು ಹಾಕಿದ್ದು, ಎಲ್ಲ ಮುಗಿದ ಮೇಲೆ ಅಮ್ಮ ಸ್ವಲ್ಪ ಸುಮ್ಮನಾಗುತ್ತಿದ್ದಳು. ಆಮೇಲೆ ದನಿ ತಗ್ಗಿಸಿ, ‘ಒಂದೈದು ಸಾವಿರ ಬೇಕಾಗಿತ್ತು ಕಣಮ್ಮ.’ ಇಲ್ಲ ಅನ್ನಲು ಆಗುತ್ತಾ? ಬೆಂಗಳೂರಿಗೆ ಬಂದ ಮೊದಲ ಎರಡು ವರ್ಷದಲ್ಲಿ ಮೂರು ಸಲ ಆರ್‌ಡಿ (ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಉಳಿತಾಯ) ಶುರು ಮಾಡಿ, ಮೂರು ಸಲವೂ ಮುರಿಸಿದ್ದೇನೆ.

ನಮ್ಮ ಊರು ಅರಸೀಕೆರೆ ಕಡೆ. ಮನೆಗೆ ಕಳಿಸುವುದು ನನಗೆ ಹೊರೆ ಅಲ್ಲ, ಓದಿಸಿದ್ದು ಅವರೇ. ಆದರೆ ನನ್ನದೂ ಒಂದು ಆಸೆ ಇತ್ತು. ಪಿಜಿ ಬಿಟ್ಟು ಪುಟ್ಟದೊಂದು ಬಾಡಿಗೆ ಮನೆ ಹಿಡಿಯಬೇಕು, ಅದಕ್ಕೆ ಒಂದು ಲಕ್ಷ ಅಡ್ವಾನ್ಸ್ ಕೂಡಿಸಬೇಕು. ಎರಡನ್ನೂ ಹೊಂದಿಸಿಕೊಂಡಿದ್ದು ಹೇಗೆ ಅಂತ ಹೇಳುತ್ತೇನೆ. ನಿಮ್ಮ ಅಂಕಿ ಬೇರೆ ಇರಬಹುದು, ದಾರಿ ಇದೇ.

ಮೊದಲು ಹಳೆಯ ಹನ್ನೆರಡು ತಿಂಗಳು ನೋಡಿ

ಬ್ಯಾಂಕ್ ಆ್ಯಪ್‌ನಿಂದ ಕಳೆದ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯಿರಿ. ಮನೆಗೆ ಕಳಿಸಿದ ಒಂದೊಂದು ಮೊತ್ತದ ಪಕ್ಕದಲ್ಲೂ ಯಾತಕ್ಕೆ ಅಂತ ಬರೆಯಿರಿ. ನೆನಪಾಗದಿದ್ದರೆ ಅಮ್ಮನನ್ನು ಕೇಳಿ, ಅವರಿಗೆ ಎಲ್ಲ ನೆನಪಿರುತ್ತದೆ.

ನಾನು ಬರೆದು ನೋಡಿದಾಗ ಆಶ್ಚರ್ಯವಾಯಿತು. ಅಚಾನಕ್ ಬಂತು ಅಂತ ನಾನು ಅಂದುಕೊಂಡಿದ್ದ ಖರ್ಚು ಮುಕ್ಕಾಲು ಪಾಲು ಅಚಾನಕ್ ಆಗಿರಲೇ ಇಲ್ಲ. ಹೋದ ವರ್ಷವೂ ಅದೇ ತಿಂಗಳಲ್ಲಿ ಬಂದಿತ್ತು. ಜೂನ್‌ನಲ್ಲಿ ತಮ್ಮನ ಕಾಲೇಜು ಫೀಸು, 24,000. ಜುಲೈನಲ್ಲಿ ರಾಗಿಗೆ ಉಳುಮೆ, ಗೊಬ್ಬರ, 12,000. ಅಕ್ಕನ ಮನೆಗೆ ಗೌರಿ ಬಾಗಿನ, 3,000. ದೀಪಾವಳಿಗೆ ಎಲ್ಲರಿಗೂ ಬಟ್ಟೆ, 6,000. ಮದುವೆ ಸೀಸನ್‌ನಲ್ಲಿ ಮುಯ್ಯಿ, 9,000.

ಮುಯ್ಯಿಯ ಲೆಕ್ಕ ಸಿಕ್ಕಿದ್ದು ಅಪ್ಪನ ಟ್ರಂಕಿನಲ್ಲಿ. ಅಕ್ಕನ ಮದುವೆಯಲ್ಲಿ ಬರೆಸಿದ ಉದ್ದನೆಯ ನೋಟ್‌ಬುಕ್ ಅದು. ಮೊದಲ ಹಾಳೆಗೆ ಅರಿಶಿನ ಕುಂಕುಮ ಹಚ್ಚಿದೆ. ಕೆಳಗೆ ಊರು, ಹೆಸರು, 101, 501, ಒಂದು ಕಡೆ ‘ಸ್ಟೀಲ್ ಕೊಳಗ 1’. ಯಾರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಕ್ಕಳಿದ್ದಾರೆ ಅಂತ ಅಪ್ಪ ಬಾಯಲ್ಲೇ ಹೇಳಿದರು. ಮುಂದಿನ ವರ್ಷ ಎಷ್ಟು ಮುಯ್ಯಿ ಬೀಳುತ್ತದೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇರುತ್ತದೆ. ತೆಗೆದು ನೋಡಿ.

ತಿಂಗಳು ಗೊತ್ತಿರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ

ಮೇಲಿನದೆಲ್ಲ ಕೂಡಿದರೆ 54,000. ತಿಂಗಳಿಗೆ 4,500. ಇಷ್ಟನ್ನು ಸಂಬಳದ ಖಾತೆಯಲ್ಲಿ ಬಿಡಬೇಡಿ, ಬೇರೆ ಉಳಿತಾಯ ಖಾತೆಗೆ ಹಾಕಿ. ಅದರ ಎಟಿಎಂ ಕಾರ್ಡ್ ಪರ್ಸಿನಲ್ಲಿ ಇರಬಾರದು, ಯುಪಿಐಗೂ ಜೋಡಿಸಬೇಡಿ. ಇದು ಮನೆಯ ದುಡ್ಡು, ಸದ್ಯಕ್ಕೆ ನಿಮ್ಮ ಹತ್ತಿರ ಇದೆ ಅಷ್ಟೇ. ಈಗ ಗೊಬ್ಬರದ ಫೋನ್ ಬಂದರೆ ನನಗೆ ಎದೆ ಧಸಕ್ ಅನ್ನುವುದಿಲ್ಲ.

ಸಂಬಳ ಹಂಚಿ

ಆಗ ನನ್ನ ಕೈಗೆ ಬರುತ್ತಿದ್ದದ್ದು 34,000. ಊಟ ಸೇರಿ ಪಿಜಿಗೆ 8,500. ಬಸ್ಸು, ಫೋನು, ಮಿಕ್ಕ ಖರ್ಚು 6,500. ಪ್ರತಿ ತಿಂಗಳು ಮನೆಗೆ 8,000. ಮನೆಯ ಖಾತೆಗೆ 4,500. ಉಳಿಯುವುದು 6,500. ಅದರಲ್ಲಿ 3,000 ನನ್ನ ಗುರಿಗೆ, 2,000 ಆಸ್ಪತ್ರೆ ಗೀಸ್ಪತ್ರೆ ಅಂತ ತುರ್ತಿಗೆ. 1,500 ಕೈಯಲ್ಲಿ ಇರಲಿ. ಒಂದು ರೂಪಾಯಿಯೂ ಬಿಡದೆ ಬಿಗಿ ಮಾಡಿದ ಲೆಕ್ಕ ಎರಡನೇ ತಿಂಗಳಿಗೇ ಹರಿಯುತ್ತದೆ.

ಗುರಿಯ ದುಡ್ಡು ಸಂಬಳದ ಮಾರನೇ ದಿನವೇ ತಾನಾಗಿ ಕಟ್ ಆಗುವ ಹಾಗೆ ಮಾಡಿ. ಎರಡು ಮೂರು ವರ್ಷದ ಗುರಿಗೆ ಬ್ಯಾಂಕ್ ಆರ್‌ಡಿ ಸಾಕು. ದೂರದ್ದಾದರೆ ಪೋಸ್ಟ್ ಆಫೀಸ್ ಆರ್‌ಡಿ ನೋಡಿ. ಅದು 5 ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಶುರು. 2023ರ ಅಕ್ಟೋಬರ್‌ನಲ್ಲಿ ಅದರ ಬಡ್ಡಿ ಶೇ 6.7 ಆಯಿತು. ಆ ದರದಲ್ಲಿ ತಿಂಗಳಿಗೆ 3,000 ಕಟ್ಟಿದರೆ 1,80,000 ಹೋಗಿ ಸುಮಾರು 2,14,000 ಬರುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಹಾಗಾಗಿ ಸೇರುವ ದಿನ ಕೇಳಿಕೊಳ್ಳಿ. ಸೇರಿದ ದಿನದ ದರ ಕೊನೆವರೆಗೂ ಇರುತ್ತದೆ. ನನಗೆ ಇಷ್ಟವಾದ ಇನ್ನೊಂದು ಅನುಕೂಲ ಇದರಲ್ಲಿದೆ: ಹನ್ನೆರಡು ಕಂತು ಕಟ್ಟಿದ ಮೇಲೆ, ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲ ಸಿಗುತ್ತದೆ. ಮನೆಯಲ್ಲಿ ಕಷ್ಟ ಬಂದಾಗ ಆರ್‌ಡಿ ಮುರಿಸಬೇಕಿಲ್ಲ.

ಮನೆಯಲ್ಲಿ ಕೂತು ಹೇಳಿ

ಎಲ್ಲಕ್ಕಿಂತ ಕಷ್ಟದ್ದು ಇದು. ಫೋನಿನಲ್ಲಿ ಬೇಡ, ಊರಿಗೆ ಹೋದಾಗ ಹೇಳಿ. ಸಂಬಳ ಎಷ್ಟು, ಪಿಜಿಗೆ ಎಷ್ಟು ಹೋಗುತ್ತದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಬೆಂಗಳೂರಲ್ಲಿ ಕೆಲಸ ಅಂದರೆ ಕೈ ತುಂಬ ದುಡ್ಡು ಅಂತ ಮನೆಯವರು ಅಂದುಕೊಂಡಿದ್ದರೆ ಅದು ಅವರ ತಪ್ಪಲ್ಲ. ನಾವು ಯಾವತ್ತೂ ಲೆಕ್ಕ ಹೇಳಿಲ್ಲ, ಅಲ್ವಾ?

ಆರ್‌ಡಿ ಮುಗಿಯುವವರೆಗೆ ಆ ದುಡ್ಡು ಮುಟ್ಟಬಾರದು ಅಂತ ಹೇಳಿದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಿದ್ದೆ. ಅವರು ತಲೆ ಎತ್ತಿ ಅಟ್ಟ ನೋಡಿದರು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಅನ್ನಬೇಕು. ಆಗಲೇ ಸುಲಿದು ಮಾರುಕಟ್ಟೆಗೆ ಹಾಕುವುದು. ‘ನಡುವೆ ಇಳಿಸಿದ್ರೆ ಅದು ಕಾಯೂ ಅಲ್ಲ, ಕೊಬ್ಬರಿನೂ ಅಲ್ಲ. ನಿಂದು ನೀನು ಮುಟ್ಟಬೇಡ’ ಅಂದರು. ಅವತ್ತಿನಿಂದ, ಕೊಬ್ಬರಿ ಮಾರಿದ ತಿಂಗಳು ನಾನು 8,000 ಬದಲು 4,000 ಕಳಿಸಿದರೆ ಸಾಕು ಅಂತ ಅವರೇ ತೀರ್ಮಾನ ಮಾಡಿದರು. ನಾನು ಕೇಳಿರಲಿಲ್ಲ.

ಆಸ್ಪತ್ರೆಗೆ ಕಾಗದ ಸಿದ್ಧ ಇರಲಿ

ತಿಂಗಳು ಹೇಳದೆ ಬರುವುದು ಕಾಯಿಲೆ. ಅಪ್ಪ ಅಮ್ಮ ಹಳ್ಳಿಯ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಗೆ ಸೇರಿಸಿ. ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ, ಸೊಸೈಟಿಯಲ್ಲಿ ವಿಚಾರಿಸುತ್ತಿರಿ. ಮನೆ ನಿಮ್ಮ ದುಡಿಮೆ ಮೇಲೆ ನಿಂತಿದ್ದರೆ ನಿಮ್ಮ ಹೆಸರಲ್ಲೂ ವಿಮೆ ಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವನ ಜ್ಯೋತಿ, 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸುರಕ್ಷಾ ಬಿಮಾ ಸಿಗುತ್ತವೆ. ಇದಕ್ಕಿಂತ ಅಗ್ಗದ್ದು ನನಗೆ ಕಂಡಿಲ್ಲ.

ಜಾಮೀನಿಗೆ ಮಾತ್ರ ಸಹಿ ಬೇಡ

ನೆಂಟರು ಬಂದು ‘ನೀನು ದುಡ್ಡು ಕೊಡೋದೇನೂ ಬೇಡ, ಸುಮ್ನೆ ಒಂದು ಸಹಿ ಹಾಕು’ ಅನ್ನುತ್ತಾರೆ. ಅದು ಸುಮ್ನೆ ಸಹಿ ಅಲ್ಲ. 1872ರ ಕರಾರು ಕಾಯ್ದೆ ಪ್ರಕಾರ ಸಾಲಗಾರರ ಹೊಣೆ ಎಷ್ಟೋ ಜಾಮೀನುದಾರರ ಹೊಣೆಯೂ ಅಷ್ಟೇ. ಅವರು ಕಟ್ಟದಿದ್ದರೆ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರಬಹುದು. ಕೊಡುವ ಮನಸ್ಸಿದ್ದರೆ ಕೈಲಾದಷ್ಟು ಕೊಡಿ, ವಾಪಸ್ ಬರದಿದ್ದರೂ ತಡೆದುಕೊಳ್ಳುವಷ್ಟು ಮಾತ್ರ. ಮೂರು ಸಾವಿರ ಕೊಟ್ಟು ‘ಇಷ್ಟೇ ಆಗೋದು ಚಿಕ್ಕಪ್ಪಾ’ ಅಂದರೆ ಸಂಬಂಧ ಕೆಡುವುದಿಲ್ಲ. ಮೂರು ಲಕ್ಷದ ಜಾಮೀನು ಹಾಕಿ ಮಾತು ಬಿಟ್ಟವರನ್ನು ನಮ್ಮ ಮನೆತನದಲ್ಲೇ ನೋಡಿದ್ದೇನೆ.

ಈ ಹಾಳೆಯನ್ನು ಪ್ರತಿ ವರ್ಷ ಯುಗಾದಿಗೆ ಊರಿಗೆ ಹೋದಾಗ ಹೊಸದಾಗಿ ಬರೆಯಿರಿ. ತಮ್ಮನ ಓದು ಹೋದ ವರ್ಷ ಮುಗಿಯಿತು. ಅವನ ಫೀಸಿನ ಸಾಲು ಹೊಡೆದು ಹಾಕಿ, ತಿಂಗಳಿಗೆ ಆ 2,000 ಎಲ್ಲಿಗೆ ಹೋಗಬೇಕು ಅಂತ ಈ ಸಲ ಅವನೇ ಪೆನ್ನು ಹಿಡಿದು ಕೂತಿದ್ದ.